ಕೃಷ್ಣೆ ಕೃಷ್ಣೆಯನ್ನು ಸೇರಿದ ವರ್ಷ

ಕೆಂಭಾವಿಯಲ್ಲಿ ಶಾಲೆ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಯಾರೂ ಅದರೊಳಗೆ ಹೋಗುತ್ತಿರಲಿಲ್ಲ. ದಾರಿಯಲ್ಲಿ ಕಿವಿಗೊಟ್ಟರೆ ಸಾಕಿತ್ತು. ಸಂತೆಗೆ ಜೋಳದ ಚೀಲ ಹೊತ್ತವರು, ಕುರಿ ಹೊಡೆದುಕೊಂಡು ಹೋಗುವವರು, ಕೊಡ ಹೊತ್ತ ಹೆಂಗಸರು ಶಾಲೆಯ ಗೋಡೆಯ ಪಕ್ಕ ಬಂದಾಗ ನಡಿಗೆಯನ್ನು ಒಂದಿಷ್ಟು ನಿಧಾನ ಮಾಡುತ್ತಿದ್ದರು. ಒಳಗಿನಿಂದ ಮಕ್ಕಳ ದನಿ ಒಟ್ಟಾಗಿ ಏಳುತ್ತ ಇಳಿಯುತ್ತ ಬಂದರೆ ಮಾಸ್ತರ ಗಟ್ಟಿಗ. ಬರದಿದ್ದರೆ ಮಾಸ್ತರ ನಿದ್ದೆ ಹೊಡೆಯುತ್ತಿದ್ದಾನೆ. ಈ ಲೆಕ್ಕದಲ್ಲಿ ಯಾಕೂಬಸಾಬರಂಥ ಮಾಸ್ತರ ಆ ಸೀಮೆಯಲ್ಲೇ ಇರಲಿಲ್ಲ. ಅವರ ತರಗತಿಯ ದನಿ ಊರಬಾಗಿಲಿನ ಅಗಸಿಯವರೆಗೂ ಕೇಳುತ್ತಿತ್ತು.

ನಿಜಾಮರ ಕಾಲದಲ್ಲಿ ಆ ದನಿ ಉರ್ದುವಿನದು. ಶಹಾಪುರದಲ್ಲಿ ಓದಿ, ಹರೆಯದಲ್ಲೇ ಮಾಸ್ತರಿಕೆಗೆ ಸೇರಿದ ಯಾಕೂಬಸಾಬರು ತಮ್ಮ ಉಸ್ತಾದರು ಕಲಿಸಿದ ಹಾಗೆಯೇ ಕಲಿಸುತ್ತ ಬಂದಿದ್ದರು. ತಾವೊಂದು ಸಾಲು ಹೇಳುವುದು, ಮಕ್ಕಳು ಅದನ್ನೇ ಹೇಳುವುದು. ನಡುವೆ ನಿಂತು ಇದೇನು, ಅದೇನು ಎಂದವನ ಅಂಗೈಗೆ ಬೆತ್ತ. ಕುರುಬರ ಮಕ್ಕಳು, ಒಕ್ಕಲಿಗರ ಮಕ್ಕಳು ಮನೆಯಲ್ಲಿ ಒಮ್ಮೆಯೂ ಕೇಳದ ಮಾತುಗಳನ್ನು ತೊಡರದೆ ಒಪ್ಪಿಸುವಾಗ ಅವರಿಗೆ ಎದೆ ತುಂಬಿ ಬರುತ್ತಿತ್ತು. ಮೊದಲು ಬಾಯಿ ತುಂಬಲಿ, ಅರ್ಥ ಹಿಂದಿನಿಂದ ತಾನೇ ಬರುತ್ತದೆ ಎಂದು ನಂಬಿದ್ದರು. ಬಂತೋ ಇಲ್ಲವೋ ಎಂದು ನೋಡಲು ಹೋದವರಲ್ಲ.

ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಡಳಿತ ಮುಗಿದ ಮೇಲೆ ಶಾಲೆ ಕನ್ನಡಕ್ಕೆ ತಿರುಗಿತು. ಆ ದಿನಗಳಲ್ಲಿ ಊರಿನಲ್ಲಿ ಯಾರೂ ಯಾರನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಯಾರು ಯಾರ ಕಡೆಗಿದ್ದರು, ಯಾರ ಹೆಸರನ್ನು ಯಾರು ಹೇಳಿದರು ಎಂಬ ಮಾತು ಚಹಾದಂಗಡಿಯಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಯಾಕೂಬಸಾಬರು ಯಾರ ಗೋಜಿಗೂ ಹೋದವರಲ್ಲ. ಆದರೂ ಬೀದಿಯ ನಡುವೆ ನಡೆಯುವುದನ್ನು ಬಿಟ್ಟು ಗೋಡೆಯ ಬದಿಗೆ ಸರಿದರು. ಯಾರಾದರೂ ನಗುತ್ತ ಸಲಾಂ ಹೇಳಿದರೆ, ಏಕೆ ನಕ್ಕ ಎಂದು ಮನೆ ಸೇರುವವರೆಗೂ ಯೋಚಿಸುತ್ತಿದ್ದರು.

ಮಾತಿನ ಕನ್ನಡ ಅವರಿಗೆ ಚೆನ್ನಾಗಿ ಬರುತ್ತಿತ್ತು. ಸಂತೆಯಲ್ಲಿ ಚೌಕಾಶಿ ಮಾಡಲು, ಜಗಳ ಬಿಡಿಸಲು, ಸತ್ತವರ ಮನೆಯಲ್ಲಿ ಸಮಾಧಾನ ಹೇಳಲು ಯಾರಿಗೂ ಕಡಿಮೆಯಿಲ್ಲ. ಪುಸ್ತಕದ ಕನ್ನಡವೇ ಬೇರೆ. ಬಾಗಿಲು ಹಾಕಿಕೊಂಡು ಅಕ್ಷರಗಳನ್ನು ತಿದ್ದಿದ್ದರು. ಬಿಡಿ ಅಕ್ಷರ ಗುರುತು ಸಿಗುತ್ತಿತ್ತು, ಕೆಳಗೊಂದು ಒತ್ತು ಅಂಟಿಕೊಂಡರೆ ಮುಖವೇ ಬೇರೆಯಾಗಿ ಕಾಣುತ್ತಿತ್ತು. ಉರ್ದುವಿನ ರೂಢಿಗೆ ಕಣ್ಣು ಸಾಲಿನ ಬಲತುದಿಗೆ ತಾನಾಗಿ ಹೋಗುತ್ತಿತ್ತು. ಕೈ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಿತ್ತು. ಉರ್ದುವಿನಲ್ಲಿ ಕಲಿತ ಮಾಸ್ತರರು ಕನ್ನಡದಲ್ಲಿ ಪಾಠ ಮಾಡಬಲ್ಲರೆಂದು ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರು ಕಣ್ಣಾರೆ ನೋಡಿ ಒಪ್ಪಬೇಕು, ಇಲ್ಲವಾದರೆ ನೌಕರಿ ಬಿಡಬೇಕು ಎಂದು ಹುಕುಂ ಆಗಿತ್ತು. ಹೆಂಡತಿ ಮದೀನಾಬೀಗೆ ಅವರು ಈ ಸುದ್ದಿಯನ್ನು ಹೇಳಿರಲಿಲ್ಲ. ಆಕೆಗೆ ಗೊತ್ತಿತ್ತು. ಗೊತ್ತಿದೆ ಎಂದು ಆಕೆಯೂ ಹೇಳಿರಲಿಲ್ಲ.

ಅವರು ಕಂಡುಕೊಂಡ ದಾರಿ ಸೂಗಪ್ಪ. ಪೇಟೆಯ ಬೆಲ್ಲದಂಗಡಿಯಲ್ಲಿ ಕೂರುವ ಸೂಗಪ್ಪ ಅವರ ಹಳೆಯ ವಿದ್ಯಾರ್ಥಿ. ಮಠದಲ್ಲಿ ಕನ್ನಡವನ್ನೂ ಕಲಿತಿದ್ದ. ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಭೂಗೋಳದ ಪಾಠ ಓದುತ್ತಿದ್ದ, ಇವರು ಕೇಳಿ ಕಂಠಪಾಠ ಮಾಡುತ್ತಿದ್ದರು. ಮರುದಿನ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಸಾಲಿನ ಮೇಲೆ ಕಣ್ಣಾಡಿಸುತ್ತ, ಒಂದಕ್ಷರವನ್ನೂ ಓದದೆ ಇಡೀ ಪಾಠ ಹೇಳುತ್ತಿದ್ದರು. ತರಗತಿಗೆ ಇದ್ದದ್ದು ಅವರ ಕೈಯಲ್ಲಿನ ಒಂದೇ ಪುಸ್ತಕ. ಮಕ್ಕಳು ಹಿಂದೆ ಹೇಳುತ್ತಿದ್ದರು. ದಾರಿಯಲ್ಲಿ ಹೋಗುವವರು ತಲೆದೂಗುತ್ತಿದ್ದರು.

ದಸರೆಯ ಬಿಡುವು ಮುಗಿದ ಮೇಲೆ ಗುರುಲಿಂಗಮ್ಮ ಬಂದಳು. ಗುಲಬರ್ಗಾದಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿದ, ಇನ್ನೂ ಮೂವತ್ತು ದಾಟದ ಹೆಂಗಸು; ಮಕ್ಕಳಿಗೆ ಅಕ್ಕೋರು. ಆಕೆಯ ಹಿಂದೆಯೇ ಬಂಡಿಯಲ್ಲಿ ಹೊಸ ಪುಸ್ತಕಗಳ ಗಂಟು ಬಂತು. ಈಗ ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ಪುಸ್ತಕ.

ವಾರವಾಗುವುದರೊಳಗೆ ಆಕೆಯ ತರಗತಿಯಿಂದ ದನಿ ಬರುವುದು ನಿಂತಿತು.

ಊರಿಗೆ ಮೊದಲು ಅನುಮಾನ ಬಂದದ್ದು ಆಗ. ಬಾಗಿಲು ತೆರೆದೇ ಇದೆ, ಮಕ್ಕಳು ಒಳಗೇ ಇದ್ದಾರೆ, ಆದರೂ ಸದ್ದಿಲ್ಲ. ಮನೆಯೊಂದು ಹಗಲಿನಲ್ಲಿ ಸದ್ದಿಲ್ಲದೆ ಇದ್ದರೆ ಒಳಗೆ ಯಾರೋ ಅಡಗಿದ್ದಾರೆ ಎಂದು ತಿಳಿಯುವ ಅಭ್ಯಾಸ ಜನಕ್ಕೆ ಇನ್ನೂ ಹೋಗಿರಲಿಲ್ಲ. ಕುರಿ ಮೇಯಿಸುವ ಬೀರಣ್ಣ ಒಂದು ದಿನ ಕಿಟಕಿಯಲ್ಲಿ ಇಣುಕಿ, ಮಕ್ಕಳೆಲ್ಲ ತಲೆ ತಗ್ಗಿಸಿ ಕೂತಿದ್ದಾರೆ, ಅಕ್ಕೋರು ಅವರ ನಡುವೆ ಸುಮ್ಮನೆ ತಿರುಗುತ್ತಿದ್ದಾಳೆ ಎಂದು ಹೇಳಿದ. ಅವನ ಮಗಳು ಕರೆಮ್ಮ ಯಾಕೂಬಸಾಬರ ತರಗತಿಯಲ್ಲಿದ್ದಳು. ಪುಣ್ಯ, ನನ್ನ ಮಗಳ ಕ್ಲಾಸಿನ್ಯಾಗ ದನಿ ಅದ, ಎಂದೂ ಅವನು ಸೇರಿಸಿದ್ದ. ಆ ಮಾತು ಯಾಕೂಬಸಾಬರ ಕಿವಿಗೆ ಬಿದ್ದು ಎರಡು ದಿನ ಹಿತವಾಗಿತ್ತು.

ಮೂರನೆಯ ದಿನ ಹೆಡ್ಮಾಸ್ತರ ಭಗವಂತರಾಯರು ಕರೆದರು. ಗುರುಲಿಂಗಮ್ಮ ತಾನು ಓದಿಸುವ ಕ್ರಮವನ್ನು ಎಲ್ಲ ತರಗತಿಗಳಲ್ಲೂ, ಎಲ್ಲ ವಿಷಯಗಳಿಗೂ ಹಚ್ಚಿ ನೋಡಬೇಕೆಂದಿದ್ದಾಳೆ. ನಿಮ್ಮ ತರಗತಿಗೂ ದಿನಕ್ಕೊಂದು ಹೊತ್ತು ಬರುತ್ತಾಳೆ, ನೀವೂ ಜೊತೆಗಿರಿ ಎಂದರು. ಯಾಕೂಬಸಾಬರು ತಲೆಯಾಡಿಸಿದರು. ಇನ್‌ಸ್ಪೆಕ್ಟರ್ ಬರುವ ಮೊದಲು ಒಳಗಿನದನ್ನು ತಿಳಿದು ಹೇಳಲು ಈಕೆಯನ್ನು ಕಳಿಸಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು.

ಗೋಡೆಗೆ ಒರಗಿ ನಿಂತು ಅವರು ಆಕೆಯನ್ನು ನೋಡಿದರು. ಆಕೆ ಮಾಡುತ್ತಿದ್ದದ್ದು ಪಾಠವೆಂದು ಒಪ್ಪಲು ಅವರಿಗೆ ಕಷ್ಟವಾಯಿತು. ಗಣಿತದ ಲೆಕ್ಕ ಓದಿಸಿದಳು, ಅಂಕಿಗಳನ್ನು ಬಿಟ್ಟು ಅಲ್ಲಿ ಏನು ನಡೆಯಿತೆಂದು ಹೇಳಿರಿ ಎಂದಳು. ಒಬ್ಬ ಹುಡುಗ ಎದ್ದು, ಒಬ್ಬಾಕೆ ಹಾಲು ಮಾರಿದಳು, ಸ್ವಲ್ಪ ಮನೆಗೆ ಇಟ್ಟುಕೊಂಡಳು ಎಂದ. ಹಾಗಾದರೆ ಕೂಡಿಸಬೇಕೋ ಕಳೆಯಬೇಕೋ ಎಂದು ಆಮೇಲೆ ಕೇಳಿದಳು. ಇತಿಹಾಸದಲ್ಲಿ, ಇದನ್ನು ಬರೆದವರು ಅಲ್ಲಿದ್ದರೇ, ಇಲ್ಲದಿದ್ದರೆ ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿಸಿದಳು. ಆರೋಗ್ಯದ ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಅವ್ವನಿಗೆ ಹೇಳುವ ಹಾಗೆ ಹೇಳಿ ಎಂದಳು. ಎಲ್ಲಕ್ಕೂ ಮೊದಲು ಶೀರ್ಷಿಕೆಯನ್ನೂ ಚಿತ್ರವನ್ನೂ ನೋಡಿ ಒಳಗೇನಿರಬಹುದೆಂದು ಊಹಿಸಬೇಕು. ಎಲ್ಲಕ್ಕೂ ಕೊನೆಗೆ, ಹೇಳಿದ ಉತ್ತರ ಯಾವ ಸಾಲಿನಲ್ಲಿದೆಯೆಂದು ಬೆರಳಿಟ್ಟು ತೋರಿಸಬೇಕು.

ಬೆರಳಿನ ಮಾತು ಕೇಳಿದಾಗ ಯಾಕೂಬಸಾಬರು ತಮ್ಮ ಪುಸ್ತಕವನ್ನು ಮುಚ್ಚಿದರು. ಅವರ ಬಾಯಲ್ಲಿ ಪಾಠವಿತ್ತು. ಯಾವ ಮಾತು ಯಾವ ಸಾಲಿನಲ್ಲಿದೆಯೆಂದು ಕೇಳಿದರೆ ಬೆರಳಿಗೆ ದಾರಿ ಗೊತ್ತಿರಲಿಲ್ಲ.

ಆ ವಾರದ ಕೊನೆಗೆ ಭೂಗೋಳದ ಸರದಿ. ಪಾಠ ಹಳೆಯದೇ, ನಮ್ಮ ನದಿಗಳು. ಮಳೆಗಾಲದಿಂದಲೂ ಮಕ್ಕಳು ಕೂಗಿ ಕೂಗಿ ಬಾಯಿಗೆ ಬಂದದ್ದು. ಗುರುಲಿಂಗಮ್ಮ ಮೊದಲು ನೀವೇ ಹೇಳಿಸಿರೆಂದಳು. ಯಾಕೂಬಸಾಬರು ಪುಸ್ತಕ ಹಿಡಿದು ಹೇಳಿದರು, ಮಕ್ಕಳು ಹೇಳಿದರು: ಕೃಷ್ಣಾ ನದಿಯು ಸಹ್ಯಾದ್ರಿಯ ಮಹಾಬಲೇಶ್ವರದಲ್ಲಿ ಉಗಮಿಸಿ, ಪೂರ್ವಾಭಿಮುಖವಾಗಿ ಹರಿದು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ದನಿ ಅಗಸಿಯವರೆಗೆ ಹೋಯಿತು. ಆಮೇಲೆ ಆಕೆ, ಈಗ ಸದ್ದಿಲ್ಲದೆ ಓದಿರಿ, ತಿಳಿಯದ್ದನ್ನು ಕೇಳಿರಿ ಎಂದಳು.

ಬಹಳ ಹೊತ್ತಿನ ಮೇಲೆ ಕರೆಮ್ಮ ಎದ್ದು ನಿಂತಳು. ಬೇಸಿಗೆಯಲ್ಲಿ ಅವಳಪ್ಪ ಕೊಡೇಕಲ್ಲಿನಾಚೆ ಹೊಳೆದಂಡೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಅವಳೂ ಹೋಗಿದ್ದಳು.

“ಮಾಸ್ತರ್ರಾ, ನಮ್ಮಪ್ಪ ಕುರಿಗೆ ನೀರು ಕುಡಿಸೋದು ಕೃಷ್ಣಾ ಹೊಳ್ಯಾಗ್ರಿ. ಅದು ಹೋಗಿ ಕೃಷ್ಣಾಕ್ಕ ಕೂಡತದ ಅಂತ ಹೇಳ್ತೀವಿ. ಎರಡು ಕೃಷ್ಣಾ ಅದಾವೇನ್ರಿ?”

ತರಗತಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಪುಸ್ತಕದೊಳಗೆ ಎರಡನೆಯ ಕೃಷ್ಣೆಯನ್ನು ಹುಡುಕುತ್ತಿದ್ದರು. ಯಾಕೂಬಸಾಬರು ಆ ನದಿಯನ್ನು ಉರ್ದುವಿನಲ್ಲಿ ಎಷ್ಟೋ ವರ್ಷ ಕಲಿಸಿದವರು. ಅದರ ಹುಟ್ಟು, ದಾರಿ, ಸಮುದ್ರ ಎಲ್ಲ ಬಲ್ಲವರು. ಯಾರಾದರೂ ಉರ್ದುವಿನಲ್ಲಿ ಈ ಮಾತು ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಕನ್ನಡದಲ್ಲಿ ತಾವೇ ತಿಂಗಳುಗಟ್ಟಲೆ ಹೇಳಿದ್ದರು, ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಒಂದು ಒತ್ತು ತಪ್ಪದಿರಲಿ ಎಂಬ ಭಯದಲ್ಲಿ ನದಿಯೇ ತಪ್ಪಿತ್ತು.

ಗುರುಲಿಂಗಮ್ಮ ಮೃದುವಾಗಿಯೇ, ಆ ಸಾಲು ಎಲ್ಲಿದೆ ತೋರಿಸಿರಿ ಎಂದಳು. ಕೇಳಿದ್ದು ಮಕ್ಕಳನ್ನು. ನೋಡಿದ್ದು ತಮ್ಮನ್ನು ಎಂದು ಯಾಕೂಬಸಾಬರಿಗೆ ಅನ್ನಿಸಿತು. ತಲೆನೋವು ಎಂದು ಹೇಳಿ ಅವರು ಹೊರಗೆ ನಡೆದರು.

ಮನೆಯಲ್ಲಿ ಕೂತು ತಮ್ಮ ಪುಸ್ತಕವನ್ನು ಒಂದೊಂದೇ ಹಾಳೆಯಾಗಿ ತಿರುವಿದರು. ನದಿಯ ಪಾಠದಲ್ಲಿ ಎರಡು ಹಾಳೆಗಳು ಮೂಲೆಯಲ್ಲಿ ಅಂಟಿಕೊಂಡಿದ್ದವು. ಉಗುರು ಹಾಕಿದರೆ ಕಂದು ಬಣ್ಣದ ಕಲೆ. ಮೂಸಿ ನೋಡಿದರೆ ಬೆಲ್ಲ. ಅಂಟಿದ ಹಾಳೆಗಳ ಒಳಗೆ ಕೃಷ್ಣೆಯ ಉಳಿದ ದಾರಿಯಿತ್ತು, ಭೀಮೆಯ ಹುಟ್ಟಿತ್ತು. ಕೃಷ್ಣೆಯನ್ನು ಸೇರುವುದು ಭೀಮೆ. ಅರ್ಧ ಸಾಲು ಒಂದು ನದಿಯದು, ಅರ್ಧ ಸಾಲು ಇನ್ನೊಂದರದು.

ಮದೀನಾಬೀ ಬಂದು ನೋಡಿದಳು. ಬೆಲ್ಲ ತಾನಾಗಿ ಪುಸ್ತಕಕ್ಕೆ ಬರುವುದಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು. ಅಷ್ಟು ಸಾಕಾಯಿತು. ಸೂಗಪ್ಪ ಬೇಕೆಂದೇ ಮಾಡಿದ್ದಾನೆ. ಹಿಂದೆ ಬೆತ್ತದ ರುಚಿ ನೋಡಿದವನು, ಕಾಲ ತಿರುಗಿದೆ, ಸೇಡು ತೀರಿಸಿಕೊಂಡ. ಗುರುಲಿಂಗಮ್ಮನಿಗೆ ಅವನೇ ಹೇಳಿದ್ದಾನೆ, ಆಕೆ ಹುಡುಗಿಗೆ ಹೇಳಿಕೊಟ್ಟಿದ್ದಾಳೆ, ಭಗವಂತರಾಯರಿಗೂ ಗೊತ್ತಿರಬೇಕು. ಒಂದಕ್ಕೊಂದು ಕೂಡುತ್ತ ಹೋಯಿತು. ಸಂಜೆ ಅಂಗಡಿಗೆ ಹೋಗುವಾಗ ಅವರು ಗೋಡೆಯ ಬದಿಗೆ ನಡೆಯಲಿಲ್ಲ.

ಸೂಗಪ್ಪ ಪುಸ್ತಕ ನೋಡಿದ, ತನ್ನ ಬೆರಳು ನೋಡಿಕೊಂಡ, ಬೆಪ್ಪಾದ. ಬೆಲ್ಲದ ಕೈಯಲ್ಲೇ ಓದಿದ್ದೆ, ಎರಡು ಹಾಳೆ ಒಟ್ಟಿಗೆ ತಿರುಗಿರಬೇಕು, ಗೊತ್ತೇ ಆಗಲಿಲ್ಲ ಎಂದ. ಕೃಷ್ಣೆ ಕೃಷ್ಣೆಗೇ ಸೇರುತ್ತದೆ ಎಂದು ನಿನ್ನ ಬಾಯಲ್ಲೇ ಓದಿದೆಯಲ್ಲ, ಅಷ್ಟೂ ತಿಳಿಯಲಿಲ್ಲವೇ, ಯಾರು ಹೇಳಿಕೊಟ್ಟರು ನಿನಗೆ ಎಂದು ಯಾಕೂಬಸಾಬರು ಗದರಿದರು. ಆಗ ಸೂಗಪ್ಪನ ಮುಖ ಬದಲಾಯಿತು.

“ಹೇಳಿಕೊಟ್ಟವರು ನೀವೇ ಅಲ್ರೀ ಸಾಬ್ರ. ನಡುವ ನಿಂತು ಕೇಳಿದ್ರ ಬಡೀತಿದ್ರಿ. ಬಾಯಿ ಓದತದ, ನಾ ಬ್ಯಾರೆ ಏನೋ ನೆನಸ್ತಿರ್ತೀನಿ. ನಿಮ್ಮ ಸಾಲ್ಯಾಗ ಕಲ್ತದ್ದು ಅದನ್ನೇ. ಇಂದಿಗೂ ಹಂಗೇ ಓದತೀನಿ.”

ಆ ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಯಾಕೂಬಸಾಬರಿಗೆ ಅನುಕೂಲವಾಗುತ್ತಿತ್ತು. ಸೂಗಪ್ಪ ನೀರು ತಂದು ಕೈ ತೊಳೆದುಕೊಂಡು, ಅಂಗಿಗೆ ಒರೆಸಿ, ಸರಿಯಾದ ಪಾಠ ಓದುತ್ತೇನೆ, ಕೂರಿರಿ ಎಂದ. ಅವರು ಕೂತರು. ಎರಡು ಸಾಲು ಕೇಳಿದ ಮೇಲೆ, ಪೂರ್ವಾಭಿಮುಖ ಅಂದರೇನು ಎಂದು ಕೇಳಿದರು. ಸೂಗಪ್ಪ ತಡವರಿಸಿ, ಮೂಡಣ ದಿಕ್ಕಿಗೆ ಇರಬೇಕ್ರಿ ಎಂದ. ಇರಬೇಕೋ, ಇದೆಯೋ ಎಂದು ಇವರು ಮತ್ತೆ ಕೇಳಿದರು. ಇಬ್ಬರೂ ಪುಸ್ತಕದ ನಕ್ಷೆಯ ಮೇಲೆ ಬಾಗಿದರು.

ಇನ್‌ಸ್ಪೆಕ್ಟರ್ ಸಾಹೇಬರು ಮುಂದಿನ ವಾರವೇ ಬಂದರು. ತೆಳ್ಳಗಿನ, ಕೆಮ್ಮುವ ಮನುಷ್ಯ. ಯಾಕೂಬಸಾಬರು ನದಿಯ ಪಾಠವನ್ನು ಅರ್ಥಸಹಿತ ಸಿದ್ಧಮಾಡಿಕೊಂಡಿದ್ದರು. ಸಾಹೇಬರು ಪುಸ್ತಕ ತೆಗೆದು ಬೇರೊಂದು ಪುಟ ಬಿಡಿಸಿ ಕೊಟ್ಟರು. ಪಾಠದ ಹೆಸರು ಎರೆಮಣ್ಣು, ಆ ಸೀಮೆಯ ಕಪ್ಪುಮಣ್ಣು. ಆ ಪಾಠವನ್ನು ಸೂಗಪ್ಪ ಇನ್ನೂ ಓದಿರಲಿಲ್ಲ.

ಬಾಗಿಲ ಬಳಿ ಭಗವಂತರಾಯರೂ ಗುರುಲಿಂಗಮ್ಮನೂ ನಿಂತಿದ್ದರು. ಪುಟವನ್ನು ಇವರೇ ಆರಿಸಿ ಹೇಳಿದ್ದಾರೆ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅನುಮಾನಕ್ಕೂ ಹೊತ್ತಿರಲಿಲ್ಲ. ಪುಟದಲ್ಲಿ ಒಂದು ಚಿತ್ರವಿತ್ತು, ಬಿರುಕು ಬಿಟ್ಟ ಹೊಲ. ಅವರು ಅದನ್ನು ಮಕ್ಕಳಿಗೆ ತೋರಿಸಿ, ಈ ಪಾಠದಾಗ ಏನಿದ್ದೀತು ಎಂದು ಕೇಳಿದರು. ಮಾನಪ್ಪನೆಂಬ ಹುಡುಗ, ಬೇಸಿಗೆಯಲ್ಲಿ ಎರಿಭೂಮಿ ಬಾಯಿ ಬಿಡುವುದು ಏಕೆಂದು ಇರುತ್ತದೆ ಎಂದ. ಹೌದೋ ಅಲ್ಲವೋ ಓದಿ ನೋಡಿ ಎಂದರು. ಮಕ್ಕಳು ತಲೆ ತಗ್ಗಿಸಿದರು. ಶಾಲೆ ಸದ್ದಿಲ್ಲದೆ ನಿಂತಿತು. ತಮ್ಮ ತರಗತಿಯಲ್ಲಿ ಅಂಥ ಮೌನವನ್ನು ಅವರು ಎಂದೂ ಕೇಳಿರಲಿಲ್ಲ. ಅದರ ನಡುವೆ ಅವರೂ ಪುಟದ ಎಡತುದಿಯಿಂದ ಹೊರಟು, ಎರಡು ಸಾಲು ದಾಟಿ, ಮೂರನೆಯದರಲ್ಲಿ ಸಿಕ್ಕಿಬಿದ್ದರು.

ಆಮೇಲೆ ಕೇಳಿದ ಪ್ರಶ್ನೆಗಳನ್ನೆಲ್ಲ ಅವರು ನಿಜವಾಗಿಯೂ ತಿಳಿಯಲಿಕ್ಕೇ ಕೇಳಿದರು. ತೇವಾಂಶ ಎಂದರೇನು ಎಂದು ಕೇಳಿದಾಗ ಕರೆಮ್ಮ, ಮಣ್ಣು ಹಿಂಡಿದ್ರ ಕೈಗೆ ಹಸಿ ಹತ್ತತದಲ್ರಿ, ಅದು, ಎಂದಳು. ಹತ್ತಿಯ ಬೇರು ಆಳಕ್ಕೆ ಏಕೆ ಹೋಗುತ್ತದೆ, ಯಾವ ಸಾಲಿನಲ್ಲಿದೆ ಎಂದು ಕೇಳಿದಾಗ ಮಕ್ಕಳ ಬೆರಳುಗಳು ಪುಟದ ಮೇಲೆ ಓಡಿದವು. ಒಂದೆರಡು ಬೇರೆ ಬೇರೆ ಕಡೆ ನಿಂತವು, ಜಗಳವಾಯಿತು. ಸಾಹೇಬರು ಕೆಮ್ಮನ್ನು ತಡೆದುಕೊಂಡು ಕೇಳುತ್ತಿದ್ದರು. ಪಾಠ ಮುಗಿಯುತ್ತಿದ್ದಂತೆ, ಚೆನ್ನಾಗಿತ್ತು, ಈಗ ಕೊನೆಯ ಭಾಗವನ್ನು ನೀವೇ ಒಮ್ಮೆ ಗಟ್ಟಿಯಾಗಿ ಓದಿರಿ ಎಂದರು.

ಯಾಕೂಬಸಾಬರು ಓದಿದರು. ಒಂದೊಂದು ಒತ್ತಿನ ಬಳಿ ನಿಂತರು, ಹಿಂದಕ್ಕೆ ಬಂದರು, ಮತ್ತೆ ಹೋದರು. ಮೊದಲ ತರಗತಿಯ ಮಗುವೂ ಅದಕ್ಕಿಂತ ಬೇಗ ಓದುತ್ತಿತ್ತು. ಮಕ್ಕಳು ಮಾಸ್ತರರ ಮುಖವನ್ನು ನೋಡುವುದೋ ಪುಸ್ತಕವನ್ನು ನೋಡುವುದೋ ತಿಳಿಯದೆ ನೆಲ ನೋಡಿದರು. ಸಾಹೇಬರು ನಡುವೆಯೇ ಕೈಯೆತ್ತಿ ಸಾಕೆಂದರು.

ಹೆಡ್ಮಾಸ್ತರರ ಕೋಣೆಗೆ ಗುರುಲಿಂಗಮ್ಮನನ್ನೂ ಕರೆದರು. ಬಾಗಿಲು ಹಾಕಿಕೊಂಡಿತು. ಯಾಕೂಬಸಾಬರು ಪಡಸಾಲೆಯಲ್ಲಿ ನಿಂತರು. ಒಳಗಿನ ಮಾತು ಗುಸುಗುಸು ಎಂದಷ್ಟೇ ಕೇಳುತ್ತಿತ್ತು. ಬಾಗಿಲು ತೆರೆದಾಗ ಸಾಹೇಬರು ಹೊರಡುವ ಗಡಿಬಿಡಿಯಲ್ಲಿದ್ದರು. ಒಂದು ವರ್ಷ ಕೊಟ್ಟಿದ್ದೇನೆ, ಮುಂದಿನ ಸಲ ಬಂದಾಗ ನೀವು ಓದಬೇಕು, ತಡವರಿಸಿದರೆ ನಾನು ಏನೂ ಮಾಡಲಾರೆ ಎಂದು ಹೇಳಿ ಬಂಡಿ ಹತ್ತಿದರು.

ನೌಕರಿ ಉಳಿಯಿತು, ಒಂದು ವರ್ಷದ ಮಟ್ಟಿಗೆ. ಆದರೆ ಒಳಗೆ ಆಕೆ ಏನು ಹೇಳಿದಳು? ಆ ಪ್ರಶ್ನೆ ಯಾಕೂಬಸಾಬರನ್ನು ತಿನ್ನತೊಡಗಿತು. ತಮಗಾಗಿ ಸುಳ್ಳು ಹೇಳಿದ್ದರೆ ಆ ಋಣ ಹೇಗೆ ಹೊರುವುದು. ಚಾಡಿ ಹೇಳಿದ್ದರೆ ದಿನವೂ ಆ ಮುಖ ಹೇಗೆ ನೋಡುವುದು. ಮಕ್ಕಳು ಮನೆಗೆ ಹೋದ ಮೇಲೆ ಆಕೆ ಕಿಟಕಿಗಳನ್ನು ಹಾಕುತ್ತಿದ್ದಾಗ ಎದುರಿಗೆ ಹೋಗಿ ನಿಂತು ಕೇಳಿಯೇಬಿಟ್ಟರು.

“ಅಕ್ಕೋರ, ಸಾಹೇಬರ ಮುಂದ ನನ್ನ ಬಗ್ಗೆ ಏನಂದ್ರಿ?”

“ಇದ್ದದ್ದು ಹೇಳೀನ್ರಿ ಮಾಸ್ತರ್ರ. ಇನ್ನೂ ಓದಾಕ ಬರಂಗಿಲ್ಲ, ಕಲಿಯಾಕತ್ತಾರ ಅಂದೆ.”

ಅವರ ಮುಖಕ್ಕೆ ಹೊಡೆದಂತಾಯಿತು. ಎದೆಯಲ್ಲಿ ಉಳಿದಿದ್ದ ಇನ್ನೊಂದನ್ನೂ ಕೇಳಿದರು. “ಆ ಕರೆಮ್ಮಗ ಕೃಷ್ಣಾ ಹೊಳಿ ಮಾತು ನೀವೇ ಹೇಳಿಕೊಟ್ಟಿದ್ರಿ, ಹೌದಲ್ಲ?”

ಗುರುಲಿಂಗಮ್ಮ ಕಿಟಕಿಯ ಅಗಳಿ ಬಿಟ್ಟು ತಿರುಗಿದಳು. “ತಿಳೀದಿದ್ರ ಕೇಳು ಅಂತ ಹೇಳಿಕೊಟ್ಟೀನ್ರಿ. ಏನು ಕೇಳಬೇಕಂತ ಹೇಳಿಕೊಟ್ಟಿಲ್ಲ. ನಿಮಗ ನಂಬಿಕಿ ಬರದಿದ್ರ ಹುಡುಗಿನ್ನೇ ಕೇಳ್ರಿ.”

ಅವರು ಹುಡುಗಿಯನ್ನು ಕೇಳಲಿಲ್ಲ. ಪೂರ್ತಿ ನಂಬಲೂ ಇಲ್ಲ. ಹಲವು ದಿನ ಆಕೆಯನ್ನು ಕಂಡರೆ ತಲೆ ಬಗ್ಗಿಸಿ ದಾಟಿಹೋದರು. ಆ ದಿನಗಳಲ್ಲಿ ಅವರ ತರಗತಿಯಿಂದಲೂ ದನಿ ಕಡಿಮೆಯಾಯಿತು. ಬೀರಣ್ಣ ಗೋಡೆಯ ಬಳಿ ನಿಂತು, ಈ ಮಾಸ್ತರನಿಗೂ ಅಕ್ಕೋರ ಗಾಳಿ ಬಡಿದಿದೆ ಎಂದು ಗೊಣಗಿದ. ಮಗಳನ್ನು ಶಾಲೆ ಬಿಡಿಸುವೆನೆಂದು ಹೆದರಿಸಿದ, ಬಿಡಿಸಲಿಲ್ಲ. ಮದೀನಾಬೀ ಒಂದು ಸಂಜೆ, ಸೂಗಪ್ಪನ ಅಂಗಡಿಗೆ ಹೋಗುವುದಿಲ್ಲವೇ ಎಂದು ಕೇಳಿದಳು. ಅವನು ಓದಿದರೆ ಅವನಿಗೇ ಕೇಳಿಸುವುದಿಲ್ಲ, ನನಗೇನು ಕೇಳಿಸೀತು ಎಂದರು.

ಚಳಿ ಇಳಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವರು ಗುರುಲಿಂಗಮ್ಮನ ತರಗತಿಯ ಹೊಸ್ತಿಲಲ್ಲಿ ನಿಂತರು. ಮಕ್ಕಳೆಲ್ಲ ಊಟಕ್ಕೆ ಹೋಗಿದ್ದರು. ಕೈಯಲ್ಲಿ ಮುಂದಿನ ವಾರದ ಪಾಠದ ಪುಟ. ಆಕೆ ತಾನು ಓದುತ್ತಿದ್ದುದನ್ನು ಬದಿಗಿಟ್ಟು, ಕೂರಲು ಜಾಗ ತೋರಿಸಿದಳು. ಪುಸ್ತಕವನ್ನು ತೆಗೆದುಕೊಳ್ಳಲಿಲ್ಲ. ಓದಿ ಹೇಳುತ್ತೇನೆ ಎನ್ನಲೂ ಇಲ್ಲ.

“ಇದರಾಗ ಏನದ ಅನಸತದ್ರಿ ನಿಮಗ?” ಎಂದಳು.

ಇದೂ ಒಂದು ಪರೀಕ್ಷೆಯೇ ಇರಬೇಕೆಂದು ಯಾಕೂಬಸಾಬರು ಆಕೆಯ ಮುಖ ನೋಡಿದರು. ಅಲ್ಲಿ ಏನೂ ಸಿಗಲಿಲ್ಲ. ಚಿತ್ರ ನೋಡಿದರು. ಒಂದು ಬಾವಿ, ಒಂದು ಜೋಡಿ ಎತ್ತು, ಮೇಲಕ್ಕೆ ಬರುತ್ತಿರುವ ಚರ್ಮದ ಚೀಲ.

“ನೀರಾವರಿ ಬಗ್ಗೆ ಇದ್ದೀತ್ರಿ,” ಎಂದರು. “ತಪ್ಪೂ ಇದ್ದೀತ್ರಿ,” ಎಂದು ಸೇರಿಸಿ, ತಮ್ಮ ಊಹೆ ಸರಿಯೋ ತಪ್ಪೋ ಎಂದು ಮೊದಲ ಸಾಲಿಗೆ ಇಳಿದರು.